ಗೋಂದು ಒಣಗುವವರೆಗೆ

ನಗಬೇಡಿ ಭಾವ! ಎಷ್ಟು ಸಲ ಹೇಳೋದು ನಿಮಗೆ, ಗೋಂದು ಇನ್ನೂ ಹಸಿ ಇದೆ. ನೀವು ನಕ್ಕರೆ ಮೀಸೆ ಮೂಗಿನ ಕಡೆ ಏರುತ್ತೆ. ಆಮೇಲೆ ವಿದೇಶಿ ಭಯೋತ್ಪಾದಕ ಅಂತ ಯಾರು ನಂಬ್ತಾರೆ? ಸರ್ಕಸ್ಸಿನ ಜೋಕರ್ ಅಂತಾರೆ. ಹಾಂ, ಹಾಗೇ ಇರಿ. ಗದ್ದ ಮೇಲೆ... ಇನ್ನೂ ಸ್ವಲ್ಪ... ಬಾಯಿ ಮುಚ್ಚಿ... ಅಯ್ಯೋ, ಜೋರು ಮಾಡಿದ್ದಲ್ಲ ಭಾವ! ಅಕ್ಕನ ಗಂಡನಿಗೆ ಬಾಯಿ ಮುಚ್ಚಿ ಅನ್ನೋಕೆ ನನಗೇನು ತಲೆ ಕೆಟ್ಟಿದೆಯಾ? ಗೋಂದಿನ ಮಾತು ಅದು. ತುಟಿ ಅಲ್ಲಾಡಿದರೆ ಅಂಚು ಬಿಟ್ಕೊಳ್ಳುತ್ತೆ. ಒಣಗೋವರೆಗೆ ಮಾತಿಲ್ಲ, ನಗುವಿಲ್ಲ, ಆಕಳಿಕೆಯೂ ಇಲ್ಲ. ಏನಿದ್ದರೂ ಕಣ್ಣಲ್ಲೇ ಹೇಳಿ.

ಹಾಗೆ ನೋಡಬೇಡಿ. ಕಣ್ಣಲ್ಲಿ ಹೇಳಿ ಅಂದ್ರೆ ಹಾಗೆ ನುಂಗೋ ಥರ ನೋಡಿ ಅಂತಲ್ಲ.

ನನಗೂ ಗೊತ್ತಾಗುತ್ತೆ ಭಾವ. ವಾರದ ರಜೆ ದಿನ, ಮನೇಲಿ ಕಾಲು ಚಾಚಿ ಮಲಗಬೇಕಾದವರು. ಭಾಮೈದನಿಗೆ ಊಟದ ಡಬ್ಬಿ ಕೊಟ್ಟು ಬನ್ನಿ ಅಂತ ಅಕ್ಕ ಕಳಿಸಿದಳು, ಬಂದ್ರಿ. ಬಂದವರನ್ನ ಹಿಡಿದು ಈ ಪೊಲೀಸ್ ಇಲಾಖೆಯ ಸಾಮಾನು ಕೋಣೇಲಿ, ಮುರಿದ ಬೀರು, ಹಳೇ ಲಾಠಿ, ತಿರುಗದ ಫ್ಯಾನು, ಇವುಗಳ ಮಧ್ಯೆ ಕುರ್ಚಿಗೆ ಕೂರಿಸಿ ಮುಖಕ್ಕೆ ಗಡ್ಡ ಅಂಟಿಸಿದರೆ ಯಾರಿಗೆ ಸಿಟ್ಟು ಬರಲ್ಲ? ಆದರೆ ನಾನೇನು ಮಾಡಲಿ, ಹಣೆಬರಹ. ಸಾಹೇಬರು ಕಾರಿಡಾರಿನಲ್ಲಿ ಹಾಗೇ ಹೋಗ್ತಾ ಇದ್ದರಂತೆ. ಬೆಂಚಿನ ಮೇಲೆ ಡಬ್ಬಿ ತೊಡೆ ಮೇಲಿಟ್ಕೊಂಡು ಕೂತಿದ್ದ ನಿಮ್ಮನ್ನ ನೋಡಿದ್ರು, ನಿಮ್ಮ ಬೆಕ್ಕಿನ ಕಣ್ಣು ನೋಡಿದ್ರು, ಅಲ್ಲೇ ನಿಂತುಬಿಟ್ರಂತೆ. ‘ಇವನೇ ಕಣ್ರಯ್ಯ ನಮ್ಮ ವಿದೇಶಿ!’ ನಾನು ಒಳಗೆ ಬಣ್ಣದ ಪೆಟ್ಟಿಗೆ ಜೋಡಿಸ್ತಾ ಇದ್ದೆ. ನನಗೆ ಗೊತ್ತಾಗೋ ಹೊತ್ತಿಗೆ ಎಲ್ಲ ಮುಗಿದಿತ್ತು. ಅಕ್ಕನಾಣೆ.

ಮದುವೇಲಿ ನಾನೇ ಅಲ್ವಾ ಗೇಲಿ ಮಾಡಿದ್ದು, ‘ಅಕ್ಕಾ, ಯಾವ ಹಡಗಿನಿಂದ ಇಳಿಸ್ಕೊಂಡು ಬಂದೆ ಇವರನ್ನ’ ಅಂತ? ಆವತ್ತು ನೀವೂ ನಕ್ಕಿದ್ರಿ. ಇವತ್ತು ನೋಡಿ... ಅಯ್ಯೋ, ಈಗ ನಗಬೇಡಿ ಅಂದ್ನಲ್ಲ! ಓ, ನಗ್ತಿಲ್ಲವಾ. ಸರಿ ಸರಿ.

ಏನು, ಹುಬ್ಬು ಗಂಟಾಯ್ತು? ಇವರಿಗೆ ವಿದೇಶಿ ಯಾಕೆ ಬೇಕು ಅಂತಾನಾ? ದಿನಾ ಬಸ್ಸಿನಲ್ಲಿ ಊರಿಗೂರೇ ನಿಮ್ಮ ಕಿವೀಲಿ ಮಾತಾಡ್ತಾ ಹೋಗುತ್ತೆ, ಕಂಡಕ್ಟರಿಗೆ ನಾನು ಹೇಳಿಕೊಡಬೇಕಾ! ನಲ್ಲೀಲಿ ನೀರು ಬಂದು ಎಷ್ಟು ತಿಂಗಳಾಯ್ತು? ಜನ ಖಾಲಿ ಕೊಡ ಹಿಡ್ಕೊಂಡು ನೀರಿನ ಆಫೀಸಿಗೆ ಹೋದ್ರು. ಬೈದ್ರು. ಕೊಡ ಒಡೆದ್ರು, ಆಮೇಲೆ ಕಿಟಕಿ ಒಡೆದ್ರು. ಮೊನ್ನೆ ಯಾರೋ ಗೇಟಿಗೇ ಬಾಂಬ್ ಇಟ್ಟುಬಿಟ್ರು. ಪಾಪ, ಕಾವಲುಗಾರ ಹೋಗಿಬಿಟ್ಟ. ಅವನ ಮನೇಲೂ ನೀರಿರಲಿಲ್ಲ ನೋಡಿ, ಆಫೀಸು ಕಾಯೋನು ಅಷ್ಟೇ ಅವನು. ಇಟ್ಟೋರು ಯಾರು? ನಿಮಗೆ ಗೊತ್ತು, ನನಗೆ ಗೊತ್ತು, ಹಾಲು ಹಾಕೋನಿಗೂ ಗೊತ್ತು. ಹಳೇ ಟಾಕೀಸಿನ ಹಿಂದೆ ವೆಲ್ಡಿಂಗ್ ಅಂಗಡಿ ಇದೆಯಲ್ಲ, ಅಲ್ಲಿ ಕೂತು ಮೀಸೆ ತಿರುವೋ ಗುಂಪು.

ಹಿಡಿದರೆ ಆಯ್ತಪ್ಪ ಅಂತೀರಾ? ಅಲ್ಲೇ ಇರೋದು ಫಜೀತಿ! ಹಿಡಿದರೆ ಕೋರ್ಟಿಗೆ ನಿಲ್ಲಿಸಬೇಕು. ನಿಲ್ಲಿಸಿದರೆ ಬಾಯಿ ಬಿಡ್ತಾರೆ. ನೀರಿಲ್ಲ ಅಂತಾರೆ. ಹೊಸ ಪೈಪು ಹಾಕ್ತೀವಿ ಅಂದ್ರಲ್ಲ, ಎಲ್ಲಿ ಪೈಪು ಅಂತಾರೆ. ಪೈಪು ಎಲ್ಲಿದೆ? ಮಂತ್ರಿಗಳ ತೋಟದಲ್ಲಿ ಬೆಚ್ಚಗೆ ಮಲಗಿದೆ! ವಿದೇಶಿಯಾದರೆ ಈ ರಗಳೆ ಇಲ್ಲ ಭಾವ. ಅವನಿಗೆ ನಮ್ಮ ನಲ್ಲಿ ಗೊತ್ತಿಲ್ಲ, ಪೈಪು ಗೊತ್ತಿಲ್ಲ, ಭಾಷೆ ಮೊದಲೇ ಗೊತ್ತಿಲ್ಲ. ನಮ್ಮ ಏಳಿಗೆ ನೋಡಿ ಹೊಟ್ಟೆ ಉರೀತು, ಬಾಂಬ್ ಇಟ್ಟ, ಸಿಕ್ಕಿಬಿದ್ದ. ಮುಗೀತು ಕತೆ, ಎಲ್ಲರೂ ಚಪ್ಪಾಳೆ ಹೊಡೆದು ಮನೆಗೆ ಹೋಗಬಹುದು.

ನಮ್ಮವರಿಗೆ ಇದೇನು ಹೊಸದಾ? ಗೋದಾಮಿನ ಅಕ್ಕಿನೆಲ್ಲ ಇಲಿ ತಿಂದು ಮುಗಿಸಿದಾಗ ಏನಂದ್ರು, ಗಡಿ ದಾಟಿ ಬಂದ ಇಲಿ ಅಂದ್ರು. ಇಲಿಗೆ ವೀಸಾ ಕೇಳೋದೊಂದು ಬಾಕಿ! ಸೇತುವೆ ಉದ್ಘಾಟನೆ ದಿನ ರಿಬ್ಬನ್ ಕತ್ತರಿಸ್ತಾ ಇದ್ದ ಹಾಗೇ ಕೂತುಬಿಡ್ತಲ್ಲ, ಅದೂ ಹೊರಗಿನವರ ಕೈವಾಡ. ಪರೀಕ್ಷೇಲಿ ಅರ್ಧಕ್ಕರ್ಧ ಮಕ್ಕಳು ಫೇಲಾದ್ರು, ಪಕ್ಕದ ದೇಶದವರು ಪ್ರಶ್ನೆಪತ್ರಿಕೆ ಕಷ್ಟ ಮಾಡಿಸಿದ್ರು ಅಂತ ಶಿಕ್ಷಣ ಮಂತ್ರಿಗಳು ಕಣ್ಣೀರು ಹಾಕಿದ್ರು. ನಿಮ್ಮ ಮಗನೂ ಆ ಸಲ ಲೆಕ್ಕದಲ್ಲಿ ಹೋಗಿ, ‘ಅಮ್ಮಾ, ಕೈವಾಡ’ ಅಂದನಲ್ಲ, ಅಕ್ಕ ಸೌಟು ಹಿಡ್ಕೊಂಡು ಅಟ್ಟಿಸಿಕೊಂಡು ಹೋದಳು! ಅಕ್ಕನಿಗೆ ಇಂಥದ್ದೆಲ್ಲ ನಡೆಯಲ್ಲ. ದೇಶ ಆಳೋಕೆ ಅವಳನ್ನ ಕೂರಿಸಬೇಕಿತ್ತು...

ಯಾಕೆ ಕಣ್ಣು ಮುಚ್ಚಿದ್ರಿ? ಅಕ್ಕನ ಹೆಸರು ಎತ್ತಬಾರದಾ? ಎತ್ತಲ್ಲ ಬಿಡಿ. ಅವಳಿಗೆ ಫೋನ್ ಮಾಡಿ ಹೇಳಿದೀನಿ. ಭಾವನಿಗೆ ಅರ್ಜೆಂಟಾಗಿ ಸ್ಪೆಷಲ್ ಬಸ್ಸಿಗೆ ಡ್ಯೂಟಿ ಹಾಕಿದ್ರು, ಡಿಪೋದಿಂದ ಇಲ್ಲಿಗೇ ಬಂದು ಕರ್ಕೊಂಡು ಹೋದ್ರು ಅಂದೆ. ‘ಡಬ್ಬಿ ಕೊಟ್ಟರಾ?’ ಅಂತ ಕೇಳಿದಳು. ಅಷ್ಟೇ ಅವಳಿಗೆ ಚಿಂತೆ. ಇಗೋ ಅಲ್ಲೇ ಇದೆ ಮೇಜಿನ ಮೇಲೆ. ಇದು ಮುಗೀಲಿ, ಒಟ್ಟಿಗೆ ಕೂತು ತಿನ್ನೋಣ.

ಯಾರು?... ಬನ್ನಿ ಪೇದೆಯವರೇ, ಬಾಗಿಲು ಮುಂದೆ ಮಾಡಿ, ಗಾಳಿಗೆ ಕೂದಲು ಹಾರುತ್ತೆ... ಇಲ್ಲಪ್ಪ, ಇನ್ನೂ ಆಗಿಲ್ಲ... ಏನು?... ಪೂರ್ವದೋರು ಬೇಡವಾ?... ಯಾವಾಗ?... ಅಪ್ಪಿಕೊಂಡ್ರಾ! ಟೀವೀಲಿ ಬಂತಾ!... ಥೂ, ಮೊದಲೇ ಹೇಳೋದಲ್ವಾ, ಇಷ್ಟು ಹೊತ್ತು ಕೂತು ಅಂಟಿಸಿದೀನಿ... ಸರಿ. ಸರಿ. ಸಾಹೇಬರಿಗೆ ಹೇಳಿ, ನಾಲ್ಕು ಗಂಟೆಗೆ ಪಶ್ಚಿಮದವರು ತಯಾರಿರ್ತಾರೆ.

ಕೇಳಿದ್ರಾ ಭಾವ? ನಿಮ್ಮ ದೇಶ ಬದಲಾಯ್ತು! ನಮ್ಮ ದೊಡ್ಡವರು ಬೆಳಿಗ್ಗೆ ಪೂರ್ವದವರ ಜೊತೆ ಏನೋ ಕರೆಂಟಿನ ಒಪ್ಪಂದಕ್ಕೆ ಸಹಿ ಹಾಕಿ, ಅಣ್ಣತಮ್ಮಂದಿರ ಹಾಗೆ ಅಪ್ಪಿಕೊಂಡುಬಿಟ್ಟರಂತೆ. ಅಪ್ಪಿಕೊಂಡ ದಿನವೇ ಅವರ ತಲೆ ಮೇಲೆ ಗೂಬೆ ಕೂರಿಸೋಕಾಗುತ್ತಾ? ಅದಕ್ಕೇ ಈಗ ನೀವು ಪಶ್ಚಿಮದವರು. ಈ ಜೋಲು ಮೀಸೆ ಕೀಳಬೇಕು, ಗಡ್ಡ ಕತ್ತರಿಸಿ ಹೋತನ ಗಡ್ಡ ಮಾಡಬೇಕು. ಸ್ವಲ್ಪ ಉರಿಯುತ್ತೆ... ಒಂದು, ಎರಡು... ಹಾ! ಬಂತು. ಬೇಡ ಬೇಡ, ಬಾಯಿ ತೆಗೀಬೇಡಿ! ಸ್ಪಿರಿಟ್ ಹಚ್ತಾ ಇದೀನಿ, ಒಂದು ಹನಿ ಒಳಗೆ ಹೋದರೂ ನಾಲಿಗೆ ಬೆಂದು ಹೋಗುತ್ತೆ. ಹಾಂ... ಈಗ ಹೊಸ ಗೋಂದು... ಇದು ಹುರಿ ಮೀಸೆ... ಒತ್ತಿ ಹಿಡೀತೀನಿ. ಮತ್ತೆ ಮಾತಿಲ್ಲ.

ಪೂರ್ವದವರಿಗೆ ಜೋಲು ಮೀಸೆ, ಪಶ್ಚಿಮದವರಿಗೆ ಹುರಿ ಮೀಸೆ ಅಂತ ಯಾರು ಹೇಳಿದ್ದು ಅಂತೀರಾ? ನಾನೇ! ನಾನು ಯಾವ ದೇಶದವರನ್ನ ಕಂಡಿದೀನಿ? ನಮ್ಮ ನಾಟಕ ಕಂಪನೀಲಿ ಹಡಗಿನ ವ್ಯಾಪಾರಿ ಅಂತ ಒಂದು ಪಾತ್ರ ಇತ್ತು. ಕುಡಿದು ಬೀಳೋದಷ್ಟೇ ಅವನ ಕೆಲಸ. ಮೊದಲ ಸಲ ಸಾಹೇಬರು ಕರೆಸಿ ‘ಪಶ್ಚಿಮದವನೊಬ್ಬ ಬೇಕಯ್ಯ’ ಅಂದಾಗ ನನ್ನ ಹತ್ರ ಇದ್ದದ್ದು ಆ ಮೀಸೆ. ಅಂಟಿಸಿದೆ. ಪೇಪರಿನವರು ಫೋಟೋ ಹಾಕಿದ್ರು. ಈಗ ನೋಡಿ, ಮಕ್ಕಳ ಪಾಠದ ಪುಸ್ತಕದಲ್ಲೂ ಪಶ್ಚಿಮದವನ ಚಿತ್ರ ಅಂದ್ರೆ ನನ್ನ ಮೀಸೆನೇ! ಕಂಪನೀಲಿ ಇಪ್ಪತ್ತು ವರ್ಷ ದುಡಿದರೂ ಒಂದು ಹಾರ ಹಾಕಲಿಲ್ಲ ನನಗೆ. ಇಲ್ಲಿ ಇಡೀ ದೇಶದ ಶತ್ರುಗಳಿಗೆ ಮುಖ ಕೊಟ್ಟೋನು ನಾನು.

ತುರಿಸುತ್ತಾ? ಕೆರೀಬೇಡಿ. ಗದ್ದದ ಹತ್ರ ಸ್ವಲ್ಪ ಬಿಗಿ ಇರಬಹುದು. ನಾನು ಗಡ್ಡ ಹೆಣೆಯೋದೇ ನನ್ನ ಮುಖದ ಅಳತೆಗೆ ನೋಡಿ. ಜಾಳಿಗೆ ಬಟ್ಟೆ ನನ್ನ ಗದ್ದಕ್ಕೇ ಕಟ್ಕೊಂಡು, ಕನ್ನಡಿ ಮುಂದೆ ಕೂತು, ಒಂದೊಂದೇ ಕೂದಲು ಗಂಟು ಹಾಕ್ತಾ ಹೋಗೋದು. ನಮ್ಮ ಕಸುಬಿನ ಪದ್ಧತಿ ಅದು, ನಮ್ಮ ಗುರುಗಳೂ ಹಾಗೇ ಮಾಡ್ತಿದ್ರು. ಆಮೇಲೆ ಹಾಕ್ಕೊಳ್ಳೋನಿಗೆ ತಕ್ಕ ಹಾಗೆ ಅಂಚು ಎಳೆಯೋದು, ಬಿಡೋದು. ಇದು ಹೊಚ್ಚ ಹೊಸದು ಭಾವ, ನಿಮಗೇ ಮೊದಲು. ಅದಕ್ಕೇ ಇನ್ನೂ ಹದಕ್ಕೆ ಬಂದಿಲ್ಲ.

ಈಗ ಕೇಳಿ, ಒಣಗೋದರೊಳಗೆ ಪಾತ್ರ ಹೇಳಿಕೊಡ್ತೀನಿ. ತುಂಬಾ ಸುಲಭ, ಮಾತೇ ಇಲ್ಲ. ನಾಲ್ಕು ಗಂಟೆಗೆ ಪಕ್ಕದ ಹಾಲಿನಲ್ಲಿ ಪೇಪರಿನವರು, ಟೀವಿಯವರು. ಉದ್ದ ಮೇಜಿನ ಮೇಲೆ ನಿಮ್ಮ ಹತ್ರ ಸಿಕ್ಕ ವಸ್ತುಗಳು. ಒಂದು ವಿದೇಶಿ ಬೆಂಕಿಪೊಟ್ಟಣ, ಒಂದು ನಕ್ಷೆ, ಒಂದು ವಿದೇಶಿ ಟೂತ್‌ಪೇಸ್ಟು. ಟೂತ್‌ಪೇಸ್ಟು ಸಾಹೇಬರ ಮನೇದು, ಅರ್ಧ ಹಿಂಡಿದೆ. ಹಾಗಿದ್ದರೆ ಇನ್ನೂ ಒಳ್ಳೇದು ಅಂದೆ ನಾನು, ಹಲ್ಲುಜ್ಜೋ ಭಯೋತ್ಪಾದಕ ಅಂದರೆ ಜನಕ್ಕೆ ನಂಬಿಕೆ ಬರುತ್ತೆ. ನೀವು ತಲೆ ತಗ್ಗಿಸಿ ನಿಲ್ಲೋದು. ಫೋಟೋದವರು ‘ಇಲ್ಲಿ ನೋಡು’ ಅಂದಾಗ ಒಂದು ಸಲ ತಲೆ ಎತ್ತಿ ಆ ಬೆಕ್ಕಿನ ಕಣ್ಣು ಬಿಡೋದು. ಅಷ್ಟೇ. ಪಕ್ಕದಲ್ಲಿ ದುಭಾಷಿ ಇರ್ತಾನೆ, ನೀವು ತಪ್ಪು ಒಪ್ಕೊಂಡ್ರಿ ಅಂತ ಅವನೇ ಹೇಳ್ತಾನೆ. ಯಾವ ಭಾಷೆ ಬರುತ್ತೆ ಅವನಿಗೆ? ಒಂದೂ ಇಲ್ಲ! ಟೈಪ್ ಮಾಡೋನು ಅವನು, ನಮ್ಮ ಭಾಷೇನೇ ತಪ್ಪುತಪ್ಪಾಗಿ ಹೊಡೀತಾನೆ.

ಹೋದ ಸಲ ಗಿರಣಿಗೆ ಬೆಂಕಿ ಬಿತ್ತಲ್ಲ, ಆಗ ವಿದೇಶಿ ಆದವನು ಯಾರು ಗೊತ್ತಾ? ನಮ್ಮ ಪರದೆ! ಕಂಪನೀಲಿ ಪರದೆ ಎಳೀತಿದ್ದ ಮುದುಕ, ಅವನಿಗೆ ಬೇರೆ ಹೆಸರೇ ಇರಲಿಲ್ಲ. ಜೀವಮಾನವೆಲ್ಲ ಪರದೆ ಹಿಂದೆ ಇದ್ದೋನು, ಅವತ್ತು ಮೊದಲ ಸಲ ಮುಂದೆ ಬಂದ. ಏನಾದರೂ ಗೊಣಗು ಅಂತ ಹೇಳಿಕೊಟ್ಟಿದ್ದೆ. ಅವನು ಎರಡರ ಮಗ್ಗಿ ಶುರು ಮಾಡಿದ, ಅದೂ ಕೆಳಗಿಂದ ಮೇಲಕ್ಕೆ! ದುಭಾಷಿ ಗಂಭೀರವಾಗಿ, ‘ಗಡಿಯಾಚೆ ಇಪ್ಪತ್ತು ಜನಕ್ಕೆ ತರಬೇತಿ ಆಗಿದೆ ಅಂತಿದ್ದಾನೆ.’ ಇವನು ಇನ್ನೊಂದು ಸಾಲು ಮೇಲೆ ಹೋದ. ‘ಈಗ ಹದಿನೆಂಟೇ ಉಳಿದಿದ್ದಾರಂತೆ!’ ನಾನು ಬಾಗಿಲ ಹಿಂದೆ ನಿಂತು ಬಾಯಿಗೆ ಟವೆಲ್ ತುರುಕ್ಕೊಂಡೆ ಭಾವ...

ಈಗ ನೀವು ನಗಬಹುದಿತ್ತು. ಸ್ವಲ್ಪ, ಮೀಸೆ ಮರೇಲಿ. ಅದಕ್ಕೆ ಪರವಾಗಿಲ್ಲ.

ಪರದೆ ಈಗ ಎಲ್ಲಿದ್ದಾನೆ ಅಂತಾನಾ? ಚೆನ್ನಾಗಿದ್ದಾನೆ! ನಾಲ್ಕು ದಿನ ಇಟ್ಕೊಂಡು ಹಿಂದಿನ ಬಾಗಿಲಿಂದ ಬಿಟ್ಟರು. ದೂರದ ಊರಲ್ಲಿ ಒಂದು ಬೀಡಿ ಅಂಗಡಿ ಹಾಕ್ಕೊಟ್ರು ಅಂತ ಕೇಳಿದೆ. ಆರಾಮಾಗಿ ಕೂತು ಪೊಟ್ಟಣ ಕಟ್ತಾನಂತೆ. ನಿಮಗೂ ಹಾಗೇ. ನಾಲ್ಕು ದಿನ, ಅಷ್ಟೇ.

ಆದರೆ ಒಂದು ಮಾತು ಭಾವ. ಪರದೆ ಗೊಣಗಿದ, ನೀವು ಅದನ್ನೂ ಮಾಡಬೇಡಿ. ಕೆಮ್ಮಬೇಡಿ ಕೂಡ. ಯಾಕಂದ್ರೆ ಮುಖ ನಾನು ಮುಚ್ಚಿದೀನಿ, ನಿಮ್ಮ ಗಂಟಲು ಯಾರು ಮುಚ್ಚೋದು? ಈ ಊರಲ್ಲಿ ಆ ಗಂಟಲು ಕೇಳದೇ ಇರೋರು ಇದ್ದಾರಾ? ‘ಒಳಗೆ ಸರೀರಿ, ಒಳಗೆ ಅರಮನೆ ಖಾಲಿ ಇದೆ!’ ಬಾಗಿಲಲ್ಲಿ ಜನ ಜೋತಾಡ್ತಾ ಇರ್ತಾರೆ, ಒಳಗೆ ಸೂಜಿ ಹಾಕೋಕೆ ಜಾಗ ಇರಲ್ಲ, ನೀವು ಅರಮನೆ ಖಾಲಿ ಇದೆ ಅಂತ ಕೂಗ್ತೀರಿ, ಜನ ನಗ್ತಾ ನಗ್ತಾ ಒಳಗೆ ಸರೀತಾರೆ! ಬೀದೀಲಿ ಮಕ್ಕಳು ಬಸ್ಸಾಟ ಆಡೋದೂ ಅದೇ ಕೂಗಲ್ಲಿ. ಒಂದು ಮಾತು ಬಾಯಿಂದ ಬಿದ್ದರೆ ಊರಿಗೂರೇ, ‘ಅರೆ, ನಮ್ಮ ಅರಮನೆ ಕಂಡಕ್ಟರು!’ ಅನ್ನುತ್ತೆ. ಅದೂ ಇವತ್ತು ನೇರ ಪ್ರಸಾರ. ಹೋದ ಸಲ ಫಿಲಂ ಕತ್ತರಿಸಿ ಜೋಡಿಸಿದ್ದು ಅಂತ ಪೇಪರಿನವರು ಆಡ್ಕೊಂಡ್ರಲ್ಲ, ಅದಕ್ಕೇ ಸಾಹೇಬರಿಗೆ ರೋಷ. ಈ ಸಲ ನೇರವಾಗೇ ತೋರಿಸ್ತೀನಿ, ಯಾರು ಏನು ಮಾಡ್ತಾರೋ ನೋಡೋಣ ಅಂತ.

ಹಾಗಾದ್ರೆ ಊರಿಗೆಲ್ಲ ಗೊತ್ತಿರೋನನ್ನೇ ಯಾಕೆ ಹಿಡಿದ್ರು ಅಂತೀರಾ? ಒಳ್ಳೇ ಪ್ರಶ್ನೆ! ಸಾಹೇಬರು ಹುಟ್ಟಿದಾಗಿನಿಂದ ಬಸ್ ಹತ್ತಿಲ್ಲ ಭಾವ, ಅವರಿಗೇನು ಗೊತ್ತು. ಪೇದೆಗಳು ಹತ್ತುತಾರೆ. ಆದರೆ ಪುಕ್ಕಟೆ ಹತ್ತುತಾರಲ್ಲ, ಕಂಡಕ್ಟರ್ ಬಂದ ಕೂಡಲೇ ಕಿಟಕಿ ಆಚೆ ನೋಡ್ತಾರೆ. ನಿಮ್ಮ ಮುಖ ನೋಡಿದ್ದರೆ ತಾನೇ! ಸಾಹೇಬರಂತೂ ಆ ಕುರ್ಚಿ ಬಿಟ್ಟು ಏಳೋದೇ ಇಲ್ಲ. ಫೈಲು ಅಲ್ಲಿಗೇ, ಕಾಫಿ ಅಲ್ಲಿಗೇ. ಇವತ್ತು ಬೆಳಿಗ್ಗೆಯಿಂದ ಸೊಂಟನೋವು ಅಂತ ಶೂ ಕೂಡ ಪೇದೆ ಕೈಲೇ ಬಿಚ್ಚಿಸಿ, ಕಾಲು ಸ್ಟೂಲಿನ ಮೇಲಿಟ್ಟು...

ಯಾಕೆ ಹಾಗೆ ಹುಬ್ಬು ಏರಿಸಿದ್ರಿ?

ಓ. ಕಾರಿಡಾರು. ಹಾಂ... ಕಾರಿಡಾರಿಗೆ ಒಂದು ಸಲ ಬಂದಿದ್ರು. ಸೊಂಟನೋವಿಗೆ ನಡೆದಾಡಬೇಕು ಅಂತಾರಲ್ಲ ಡಾಕ್ಟರು. ಬರಿಗಾಲಲ್ಲೇ ಬಂದ್ರು. ಒಂದು ಸುತ್ತು... ಈ ಕಡೆ ತಿರುಗಿ, ಬಲಗಡೆ ಅಂಚು ನೋಡ್ತೀನಿ.

ಆಯ್ತು! ಒಣಗಿದೆ. ಮುಟ್ಟಿ ನೋಡಿ, ಅಪ್ಪಟ ಪಶ್ಚಿಮ. ಇಗೋ ಕನ್ನಡಿ. ಅಕ್ಕ ನೋಡಿದರೂ ಯಾರೋ ಬೀಡಿ ಕೇಳೋಕೆ ಬಂದಿದ್ದಾನೆ ಅಂತ ಬಾಗಿಲು ಹಾಕ್ಕೋತಾಳೆ. ಈಗ ಧಾರಾಳವಾಗಿ ಮಾತಾಡಬಹುದು ಭಾವ. ಇಲ್ಲಿ ನಾವಿಬ್ಬರೇ. ತುಟಿ ಆಡಿಸಿ, ಏನೂ ಆಗಲ್ಲ.

ಮಾತಾಡಿ ಅಂದೆ.

ಕನ್ನಡಿ ನೋಡಿ ಭಾವ, ನನ್ನನ್ನ ಯಾಕೆ ನೋಡ್ತೀರಿ?

ನೀರು ಬೇಕಾ? ಹೂಜೀಲಿ ಸ್ವಲ್ಪ ಇದೆ, ಇವರ ಹತ್ರ ಮಾತ್ರ ಇರುತ್ತೆ ನೀರು... ಬೇಡವಾ. ಊಟ? ಅದೇ ಸರಿ, ಊಟ ಮಾಡಿಬಿಡೋಣ. ಗಡ್ಡಕ್ಕೆ ತಾಗದ ಹಾಗೆ ನಾನೇ ತಿನ್ನಿಸ್ತೀನಿ. ಪರದೆ ತಿನ್ನೋಕೆ ಹೋಗಿ ಇದೇ ಅಂಚಿಗೆ ಸಾರು ಸುರ್ಕೊಂಡು, ಆ ಕಲೆ ಎಷ್ಟು ಉಜ್ಜಿದರೂ...

...ಇದೇ ಅಂಚು ಅಂದ್ನಾ? ಇಂಥದೇ ಅಂತ. ಇಂಥದೇ ಇನ್ನೊಂದು ಗಡ್ಡದ ಅಂಚು.

ಹಾಗೆ ನೋಡಬೇಡಿ ಅಂದ್ನಲ್ಲ! ಸರಿ, ಇದೇ ಗಡ್ಡ. ಹೊಸದಲ್ಲ. ಅದಕ್ಕೇನಾಯ್ತು? ಸರ್ಕಾರಿ ಸಾಮಾನು, ವಾಪಸ್ ಬಂತು. ಒಂದು ಕವರಿನಲ್ಲಿ ಹಾಕಿ ಪೇದೆ ತಂದುಕೊಟ್ಟ. ಪರದೆ ಮಾತ್ರ... ನೀವು ಪೇಪರ್ ಓದಿರಬೇಕು ಭಾವ. ಮೂಲೇಲಿ ಒಂದು ಸಣ್ಣ ಸುದ್ದಿ ಬಂದಿತ್ತು. ಬಂಧಿತ ವಿದೇಶಿ ಗಡಿ ಕಡೆ ಓಡೋಕೆ ಹೋದ, ಗುಂಡು ಹಾರಿಸಬೇಕಾಯ್ತು ಅಂತ. ಓಡೋಕೆ! ಆ ಮುದುಕನ ಮಂಡಿ ನಿಮಗೆ ಗೊತ್ತಲ್ಲ. ಕಂಪನಿ ಮೆಟ್ಟಿಲು ಹತ್ತೋಕೆ ನನ್ನ ಹೆಗಲು ಹಿಡ್ಕೋತಿದ್ದ. ಅವನು ಗಡಿಗೆ ಓಡಿದನಂತೆ...

ನಾನು ನಗಿಸೋಣ ಅಂತ ಮಗ್ಗಿ ಕತೆ ಹೇಳಿದೆ ಭಾವ. ಅಳು ಬರುತ್ತೆ ನನಗೆ ಅದನ್ನ ನೆನೆಸಿಕೊಂಡರೆ. ಆದರೂ ಎಲ್ಲರಿಗೂ ಅದನ್ನೇ ಹೇಳಿ ನಗಿಸ್ತೀನಿ.

ನಿಮಗೆ ಹಾಗಾಗಲ್ಲ. ಪರದೆಗೆ ಯಾರೂ ಇರಲಿಲ್ಲ, ಕೇಳೋರಿಲ್ಲ. ನಿಮಗೆ ಅಕ್ಕ ಇದ್ದಾಳೆ, ಮಗ ಇದ್ದಾನೆ, ಡಿಪೋ ಇದೆ, ಊರಿದೆ. ಸಾಹೇಬರು ನನಗೆ ಮಾತು ಕೊಟ್ಟಿದ್ದಾರೆ. ಇವನನ್ನ ಹುಷಾರಾಗಿ ವಾಪಸ್ ಕಳಿಸ್ತೀನಿ ಕಣಯ್ಯ, ನಿನ್ನ ಭಾವ ಅಂತೀಯ, ಅಷ್ಟೂ ಮಾಡಲ್ವಾ ಅಂತ ಅವರೇ...

ಅಂದರೆ... ಆಮೇಲೆ ಅಂದ್ರು. ನಿಮ್ಮನ್ನ ಒಳಗೆ ಕರ್ಕೊಂಡು ಬಂದಮೇಲೆ.

ಏನಾದರೂ ಹೇಳಿ ಭಾವ. ಬೈಯಿರಿ. ಬಸ್ಸಿನಲ್ಲಿ ಪಾಸು ಮರೆತು ಬಂದೋನಿಗೆ ಬೈತೀರಲ್ಲ, ಹಾಗಾದರೂ ಬೈಯಿರಿ. ಗೋಂದು ಒಣಗಿದೆ ಅಂದ್ನಲ್ಲ. ಒಣಗಿ ಎಷ್ಟು ಹೊತ್ತಾಯ್ತು!

ಡಬ್ಬಿ ಯಾಕೆ ನನ್ನ ಕಡೆ ತಳ್ತಿದೀರಿ? ನಾನೊಬ್ಬನೇ ತಿನ್ನಬೇಕಾ? ಬೇಡ ಭಾವ... ಸರಿ, ತೆಗೀತೀನಿ. ನೋಡಿ, ಇಬ್ಬರಿಗಾಗೋಷ್ಟು ಇದೆ. ಅಕ್ಕ ಯಾವತ್ತೂ ಹೀಗೇ. ಕಂಪನಿ ಮುಚ್ಚಿ ನಾನು ಪೆಟ್ಟಿಗೆ ಹೊತ್ಕೊಂಡು ನಿಮ್ಮ ಮನೆ ಬಾಗಿಲಿಗೆ ಬಂದ ದಿನವೂ ಹೀಗೇ ಬಡಿಸಿದ್ದಳು. ನೀವು ಏನೂ ಕೇಳಲಿಲ್ಲ. ಮುಂದಿನ ಕೋಣೆಯಿಂದ ಸೈಕಲ್ ಆಚೆ ಇಟ್ಟು ನನಗೆ ಜಾಗ ಮಾಡಿಕೊಟ್ರಿ. ಅವತ್ತಿನಿಂದ ಆ ಸೈಕಲ್ ಬಿಸಿಲು ಮಳೇಲೇ ನಿಂತಿದೆ...

ನೀವು ಕೇಳಿಸ್ಕೊಂಡ್ರಾ?

ಆ ಬೆಂಚು ಸಾಹೇಬರ ಬಾಗಿಲಿಗೆ ಅಂಟಿಕೊಂಡೇ ಇದೆ. ಬಾಗಿಲೂ ಅರ್ಧವೇ, ಮೇಲೂ ಖಾಲಿ, ಕೆಳಗೂ ಖಾಲಿ. ಎಲ್ಲ ಕೇಳಿಸಿತು, ಅಲ್ವಾ? ಬೆಳಿಗ್ಗೆಯಿಂದ ನನ್ನ ಕಾರಿಡಾರಿನ ಕತೆ, ಅಕ್ಕನಾಣೆ, ಎಲ್ಲ ಕ್ಷಮಿಸಿಕೊಂಡು ಕೂತಿದ್ರಾ? ಇಲ್ಲ, ಕ್ಷಮಿಸಿಕೊಂಡಲ್ಲ... ನೋಡ್ಕೊಂಡು ಕೂತಿದ್ರಿ. ಎಷ್ಟು ದೂರ ಹೋಗ್ತಾನೆ ನೋಡೋಣ ಅಂತ.

ಸಾಹೇಬರು ಮೊದಲು ನನ್ನನ್ನೇ ನಿಲ್ಲು ಅಂದ್ರು ಭಾವ! ‘ಬೇರೆಯವರು ಯಾಕಯ್ಯ, ಗಡ್ಡ ನಿನ್ನ ಅಳತೇದೇ, ನಟನೆ ಗೊತ್ತು, ಹೆಂಡತಿ ಮಕ್ಕಳಿಲ್ಲ, ನೀನೇ ನಿಂತ್ಕೋ.’ ಕಾಲು ಸ್ಟೂಲಿನ ಮೇಲಿಟ್ಟು, ಕಾಫಿ ಕುಡೀತಾ ಅಂದ್ರು. ನನಗೆ ಕವರಿನಲ್ಲಿ ಬಂದ ಗಡ್ಡ ನೆನಪಾಯ್ತು. ಬಾಗಿಲ ಮೇಲಿಂದ ನಿಮ್ಮ ತಲೆ ಕಾಣ್ತಿತ್ತು. ಡಬ್ಬಿ ಬಿಸಿ ಆರದ ಹಾಗೆ ಟವೆಲ್ ಸುತ್ತುತ್ತಾ ಇದ್ರಿ. ನನ್ನ ಕೈ ತಾನಾಗೇ ಎದ್ದಿತು ಭಾವ, ನಾನಲ್ಲ, ಕೈ. ‘ಅವರ ಕಣ್ಣು ನೋಡಿ ಸಾರ್’ ಅಂತ... ಅದು ನಾನೇ ಅಂದಿದ್ದು. ಕೈ ಮಾತಾಡಲ್ಲ. ನಾನೇ.

ಹೆದರಿಕೆ ಭಾವ. ಬೇರೇನೂ ಇಲ್ಲ. ಹೊಟ್ಟೆಗೆ ಹಾಕ್ಕೊಳ್ಳಿ...

ಬಂದೆ ಸಾರ್! ಹಾಂ, ತಯಾರು! ಅಪ್ಪಟ ಪಶ್ಚಿಮ ಸಾರ್, ಒಂದೇ ನಿಮಿಷ!

ಏಳ್ತಿದೀರಾ? ನೀವಾಗೇ? ನಿಧಾನ, ಕೋಟಿನ ಗುಂಡಿ... ನಾನು ಹಾಕ್ತೀನಿ. ಭಾವ, ಒಂದು ಮಾತು ಆಡಿ ಹೋಗಿ. ಛೀ ಅನ್ನಿ. ಬೆಳಿಗ್ಗೆಯಿಂದ ಒಂದು ಮಾತೂ ಇಲ್ಲ, ಹಿಡಿದಾಗಲೂ ಇಲ್ಲ, ಕೂರಿಸಿದಾಗಲೂ ಇಲ್ಲ. ನೀವಾ ಇದು, ಊರಿಗೆಲ್ಲ ಕೂಗು ಹಾಕೋರು? ಅಷ್ಟು ಮಾತು ಎಲ್ಲಿಗೆ ಹೋಯ್ತು? ಎಲ್ಲಾ ಕೂಡಿಟ್ಕೊಂಡಿದೀರಾ ಏನು, ಯಾವುದಕ್ಕೋ...

ಯಾವುದಕ್ಕೆ?

ಭಾವ. ನಿಲ್ಲಿ. ಅಲ್ಲಿ ನೇರ ಪ್ರಸಾರ ಇದೆ ಅಂದ್ನಲ್ಲ... ನಾನೇ ಹೇಳಿದ್ನಲ್ಲ... ನೀವು ಅಲ್ಲಿ ಒಂದು ಕೂಗು ಹಾಕಿದರೆ ಊರೆಲ್ಲ ಎದ್ದು ನಿಲ್ಲುತ್ತೆ, ನಿಮ್ಮನ್ನ ಯಾರೂ ಮುಟ್ಟಲ್ಲ, ಸರಿ. ಆದರೆ ಇವರಿಗೆ ಸಾಯಂಕಾಲದೊಳಗೆ ಇನ್ನೊಬ್ಬ ವಿದೇಶಿ ಬೇಕಾಗುತ್ತೆ. ಗಡ್ಡ ನಿಮ್ಮ ಮುಖದಿಂದ ಬಿಚ್ಚಿ... ಅದು ನನ್ನ ಅಳತೇದು ಭಾವ! ಅಂಚು ಎಳೆಯೋದೂ ಬೇಕಾಗಿಲ್ಲ!

ಯಾಕೆ ನಗ್ತಿದೀರಿ? ಅಂಚು ಬಿಟ್ಕೊಳ್ಳುತ್ತೆ, ನಗಬೇಡಿ... ಪೇದೆಯವರೇ, ಬಾಗಿಲು ತೆಗೀಬೇಡಿ, ಇನ್ನೂ ಒಣಗಿಲ್ಲ, ಇನ್ನೂ ಹಸಿ ಇದೆ...

ಭಾವ... ಗಂಟಲು ಯಾಕೆ ಸರಿ ಮಾಡ್ಕೊಳ್ತಿದೀರಿ?